ಏಳು ಕೋಟಿ ಕಾಳಿನ ಒಡೆಯದ ರಾಶಿ

ಅಜ್ಜನ ಅಜ್ಜನೂ ಹುಟ್ಟದಿದ್ದ ಕಾಲದಲ್ಲಿ ಹಿರಿಗೆರೆ ಎಂಬ ಒಂದು ರಾಜ್ಯವಿತ್ತು. ರಾಜ್ಯದ ನಡುವೆ ಕಣ್ಣು ಹಾಯುವಷ್ಟು ದೂರವೂ ನೀರು ತುಂಬಿದ ಕೆರೆ. ಕೆರೆಯ ಸುತ್ತ ಆಳೆತ್ತರದ ಜೊಂಡು. ಜೊಂಡಿನಿಂದ ಚಾಪೆ ಹೆಣೆಯುವವರು, ಮೀನು ಹಿಡಿಯುವವರು, ರಾಗಿ ಬೆಳೆಯುವವರು ಆ ದಡದಲ್ಲಿ ಬಾಳುತ್ತಿದ್ದರು. ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೂ ನೆಮ್ಮದಿಯಾಗಿ ನಿದ್ದೆ ಮಾಡುವವರು ಆ ನಾಡಿನಲ್ಲಿ ಒಬ್ಬರೂ ಇರಲಿಲ್ಲ.

ಕೆರೆಯ ಆಚೆ ದಡದಲ್ಲಿ ಕರಿಕಲ್ಲಿನ ಒಂದು ಕೋಟೆ. ಅದರಲ್ಲಿ ಸಮಪಾಲನೆಂಬ ಮಾಯಾವಿ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮರುದಿನ, ಅವನು ನೀರಿನ ಮೇಲೆ ನಡೆದು ಬರುತ್ತಿದ್ದ. ಒಂದೊಂದೇ ಮನೆಯ ಮುಂದೆ ನಿಂತು ಒಳಗಿದ್ದವರನ್ನು ಎಣಿಸುತ್ತಿದ್ದ. ನಾಲ್ವರಿದ್ದರೆ, "ಎರಡು ಪಾಲು, ಪಾಲಿಗೆ ಇಬ್ಬರು" ಎಂದು ಕೂಗುತ್ತಿದ್ದ. ಆರು ಜನರಿದ್ದರೆ, "ಎರಡು ಪಾಲು, ಪಾಲಿಗೆ ಮೂವರು" ಎನ್ನುತ್ತಿದ್ದ. ಅವನು ಕೂಗಿದ ಪಾಲು ಅವನದಾಗುತ್ತಿತ್ತು. ಆ ಪಾಲಿಗೆ ಬಿದ್ದವರು ಮಾತಿಲ್ಲದೆ ಎದ್ದು ಅವನ ಹಿಂದೆ ನೀರಿನ ಮೇಲೆ ನಡೆದು ಹೋಗುತ್ತಿದ್ದರು, ಕೋಟೆಯ ಅಂಗಳದಲ್ಲಿ ಕಲ್ಲಾಗಿ ನಿಲ್ಲುತ್ತಿದ್ದರು.

ಮೂವರಿದ್ದ ಮನೆಯನ್ನೂ ಐವರಿದ್ದ ಮನೆಯನ್ನೂ ಅವನು ಮುಟ್ಟಲಾರ. ಐವರನ್ನು ಪಾಲು ಮಾಡಿದರೆ ಒಂದೋ ಯಾರಾದರೂ ಹೆಚ್ಚಾಗಿ ಉಳಿಯುತ್ತಾರೆ, ಇಲ್ಲವೇ ಪಾಲಿಗೊಬ್ಬರಂತೆ ಒಂಟಿಯಾಗುತ್ತಾರೆ. ಒಂಟಿಯ ಮೇಲೆ ಅವನ ಮಾಯೆ ನಡೆಯುತ್ತಿರಲಿಲ್ಲ. ಅಂಥ ಸಂಖ್ಯೆಯನ್ನು ಜನ ಒಡೆಯದ ಸಂಖ್ಯೆ ಎಂದು ಕರೆಯುತ್ತಿದ್ದರು. ಎರಡು, ಮೂರು, ಐದು, ಏಳು, ಹನ್ನೊಂದು. ಸುಗ್ಗಿ ಹತ್ತಿರ ಬಂದಂತೆ ಪ್ರತಿ ಮನೆಯಲ್ಲೂ ತಲೆ ಎಣಿಸುವುದೇ ಕೆಲಸ. ನಾಲ್ವರಿದ್ದ ಮನೆಯವರು ನೆಂಟರ ಮನೆಯಿಂದ ಒಬ್ಬರನ್ನು ಬೇಡಿ ತರುತ್ತಿದ್ದರು. ಆ ನೆಂಟರ ಮನೆಯಲ್ಲಿ ಐವರು ಹೋಗಿ ನಾಲ್ವರಾಗುತ್ತಿದ್ದರು. ಬಸುರಿ ಹೆಂಗಸರು ದಿನ ಎಣಿಸುತ್ತ ನಡುಗುತ್ತಿದ್ದರು.

ಚಾಪೆ ಹೆಣೆಯುವ ಬೀರಯ್ಯನ ಮನೆಯಲ್ಲಿ ಐವರಿದ್ದರು. ಬೀರಯ್ಯ, ಅವನ ಹೆಂಡತಿ ಜಕ್ಕವ್ವ, ಹನ್ನೆರಡು ವರ್ಷದ ಹಿರಿಮಗಳು ಸೋವಿ, ಒಂಬತ್ತು ವರ್ಷದ ಕಿರಿಮಗಳು ಬಾಚಲೆ, ಮತ್ತು ಬೀರಯ್ಯನ ತಾಯಿ. ಒಂದು ವರ್ಷ ಸುಗ್ಗಿಯ ಕೊನೆಯ ದಿನವೇ ಆ ಮುದುಕಿ ತೀರಿಕೊಂಡಳು. ಮರುದಿನ ಅವಳ ಮಣ್ಣು ಮುಗಿಸಿ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

"ಎರಡು ಪಾಲು, ಪಾಲಿಗೆ ಇಬ್ಬರು" ಎಂದ ಸಮಪಾಲ.

ಜಕ್ಕವ್ವ ಮತ್ತು ಸೋವಿ ಎದ್ದು ಹೊರಟರು. ಬಾಚಲೆ ಅವ್ವನ ಸೆರಗು ಹಿಡಿದು ನೀರಿನ ಅಂಚಿನ ತನಕ ಹೋದಳು. ಅಲ್ಲಿಂದ ಮುಂದೆ ಅವಳ ಕಾಲು ಮುಳುಗಿದವು, ಅವ್ವನ ಕಾಲು ಮುಳುಗಲಿಲ್ಲ. ಸೆರಗು ಕೈಜಾರಿತು.

ಆ ದಿನದಿಂದ ಬೀರಯ್ಯನಿಗೆ ಒಂದೇ ಹುಚ್ಚು. ಒಡೆಯದ ಸಂಖ್ಯೆಯನ್ನು ಹುಡುಕಬೇಕು, ಮಾಯಾವಿಯ ಹಲ್ಲು ಮುರಿಯುವಷ್ಟು ದೊಡ್ಡದನ್ನು ಹುಡುಕಬೇಕು. ಅಂಗಳದ ಮರಳಿನಲ್ಲಿ ಅವನು ಏಳು ಎಂದು ಬರೆದ. ಅದರ ಕೊನೆಗೆ ಮೂರನ್ನು ಸೇರಿಸಿದ, ಎಪ್ಪತ್ತಮೂರಾಯಿತು, ಒಡೆಯಲಿಲ್ಲ. ಒಂಬತ್ತನ್ನು ಸೇರಿಸಿದ, ಏಳುನೂರ ಮೂವತ್ತೊಂಬತ್ತಾಯಿತು, ಅದೂ ಒಡೆಯಲಿಲ್ಲ. ಬೇರು ಗಟ್ಟಿಯಿಲ್ಲದೆ ಚಿಗುರು ನಿಲ್ಲುವುದಿಲ್ಲ ಎಂಬುದು ಅವನ ನಂಬಿಕೆ. ಆದ್ದರಿಂದ ಇದ್ದದ್ದು ಒಡೆಯದು ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಅಂಕಿ ಸೇರಿಸುತ್ತಿದ್ದ. ಹೀಗೆ ಬೆಳೆಸಿದ ಎಷ್ಟೋ ಸಂಖ್ಯೆಯ ಬಳ್ಳಿಗಳು ನಡುವೆಯೇ ಒಣಗಿದವು. ಬೆಳಿಗ್ಗೆ ಚಾಪೆ, ಮಧ್ಯಾಹ್ನ ಲೆಕ್ಕ, ಹೀಗೆ ಹನ್ನೊಂದು ವರ್ಷ. ಬಿಸಿಲಿನ ಮರಳಿಗೆ ಕಣ್ಣಿಟ್ಟು ಕಣ್ಣಿಟ್ಟು ಬೀರಯ್ಯನ ಕಣ್ಣು ಮಂಜಾಯಿತು, ಆಮೇಲೆ ಪೂರ್ತಿ ಹೋಯಿತು. ಆಗ ಬಾಚಲೆ ಅಂಕಿ ಓದುತ್ತಿದ್ದಳು, ಅವನು ಬಾಯಲ್ಲೇ ಭಾಗಿಸುತ್ತಿದ್ದ. ಕೊನೆಗೆ ಎಂಟು ಅಂಕಿಯ ಒಂದು ಸಂಖ್ಯೆ ನಿಂತಿತು:

೭೩೯೩೯೧೩೩

ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಅದರ ಮುಂದೆ ಬಳ್ಳಿ ಬೆಳೆಯಲಿಲ್ಲ. ಒಂಬತ್ತನೆಯ ಅಂಕಿಯಾಗಿ ಏನನ್ನು ಸೇರಿಸಿದರೂ ಎಲ್ಲೋ ಒಂದು ಕಡೆ ಒಡೆಯುತ್ತಿತ್ತು.

"ಸಾಕು" ಎಂದ ಬೀರಯ್ಯ. "ಅರಮನೆಗೆ ಹೋಗೋಣ."

ಬಾಚಲೆ ಅಪ್ಪನ ಕೈ ಹಿಡಿದು ಹೊರಟಳು. ಆಗ ಅವಳಿಗೆ ಇಪ್ಪತ್ತು. ದಾರಿಯುದ್ದಕ್ಕೂ ಅವಳ ಎದೆಯಲ್ಲಿ ಏನೋ ಒಂದು ಮುಳ್ಳಿನಂತೆ ಆಡುತ್ತಿತ್ತು. ಅದನ್ನು ಅವಳು ಅಪ್ಪನಿಗೆ ಹೇಳಿರಲಿಲ್ಲ.

ಹಿರಿಗೆರೆಯನ್ನು ಆಗ ಆಳುತ್ತಿದ್ದವಳು ರಾಣಿ ಚಾಗಲದೇವಿ. ಅವಳ ಗಂಡನೂ ಕಲ್ಲಾಗಿ ಕೋಟೆಯಲ್ಲೇ ನಿಂತಿದ್ದ. ಅವಳು ಬೀರಯ್ಯನ ಮಾತನ್ನು ಪೂರ್ತಿ ಕೇಳಿ, ಆಚೆ ದಡಕ್ಕೆ ಹೇಳಿ ಕಳಿಸಿದಳು: "ಕೋಟಿ ದಾಟಿದ ಒಂದು ರಾಶಿ ಇಡುತ್ತೇವೆ. ಅದನ್ನು ಪಾಲು ಮಾಡಿ ತೋರಿಸು. ಮಾಡಿದರೆ ಇಡೀ ರಾಜ್ಯ ನಿನ್ನದು."

ಸಮಪಾಲ ಬಂದ. ತೆಳ್ಳಗೆ, ಎತ್ತರಕ್ಕೆ, ಎರಡೂ ಕಡೆ ಒಂದೇ ರೀತಿ ಕಾಣುವ ಮುಖ. ಅವನ ನಾಲಿಗೆ ಮಾತ್ರ ಹಾವಿನಂತೆ ಎರಡಾಗಿತ್ತು. ಕೆರೆಯ ದಡದಲ್ಲಿ ಒಂದು ಕರಿಯ ಹಲಗೆಕಲ್ಲು ನಿಲ್ಲಿಸಿದ. ಕರಾರು ಹೀಗಾಯಿತು: ಪಂದ್ಯ ಮೂರು ಸಲ. ಮೊದಲ ಸಲ ರಾಶಿಯನ್ನು ಪಾಲು ಮಾಡುವುದು ಅವನ ಬಿಳಿ ಕಾಗೆ, ಎರಡನೆಯ ಸಲ ಹೆಡೆಯ ಹಾವು, ಮೂರನೆಯ ಸಲ ಸ್ವತಃ ಸಮಪಾಲ. ಒಂದೊಂದು ಸಲ ಅವನ ಕಡೆ ಸೋತಾಗಲೂ ಕೋಟೆಯಲ್ಲಿರುವ ಮೂರು ಸಾಲಿನ ಸೆರೆಯವರಲ್ಲಿ ಒಂದು ಸಾಲಿಗೆ ಬಿಡುಗಡೆ. ಪ್ರತಿ ಸಲ ಗೆದ್ದ ಮೇಲೂ ರಾಣಿ ಬೇಕೆಂದರೆ ಪಂದ್ಯ ನಿಲ್ಲಿಸಬಹುದು, ಗೆದ್ದದ್ದು ಉಳಿಯುತ್ತದೆ.

"ನನ್ನದೊಂದು ಮಾತು" ಎಂದ ಸಮಪಾಲ. "ಕಲ್ಲಿನ ಮೇಲಿನ ಸಂಖ್ಯೆಯ ಬಾಲವನ್ನು, ಕೊನೆಯ ಅಂಕಿಗಳನ್ನು, ನಾನು ಅಳಿಸಬಹುದು. ಯಾವಾಗ ಬೇಕಾದರೂ, ಎಷ್ಟು ಬೇಕಾದರೂ."

"ಬಾಲ ಹೋದರೆ ರಾಶಿ ಸಣ್ಣದಾಗುತ್ತದೆ, ನಮಗೇನು ನಷ್ಟ" ಎಂದುಕೊಂಡು ರಾಣಿಯ ಮಂತ್ರಿ ಒಪ್ಪಿಬಿಟ್ಟ. ಬಾಚಲೆ ಒಂದು ಹೆಜ್ಜೆ ಮುಂದಿಟ್ಟಳು. ಆದರೆ ಮಾತು ಆಗಿಹೋಗಿತ್ತು.

ಬೀರಯ್ಯ ಹೇಳಿದ ಎಂಟು ಅಂಕಿಗಳನ್ನು ಸಮಪಾಲ ಕಲ್ಲಿನ ಮೇಲೆ ಕೊರೆದ. ಕೊರೆಯುತ್ತಿದ್ದಂತೆ ಕಲ್ಲಿನ ಬುಡದಲ್ಲಿ ರಾಗಿಯ ರಾಶಿ ಎದ್ದಿತು. ದೊಡ್ಡ ಮೂಟೆ ಎರಡು ತುಂಬುವಷ್ಟು ರಾಗಿ, ಕಲ್ಲಿನ ಮೇಲೆ ಕೊರೆದಷ್ಟೇ ಕಾಳು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಈ ಸಲ ಏನೂ ಅಳಿಸುವುದಿಲ್ಲ" ಎಂದು ನಕ್ಕ. "ಇಷ್ಟು ದೊಡ್ಡದು ಎಲ್ಲಾದರೂ ಒಡೆದೇ ಒಡೆಯುತ್ತದೆ."

ಬಿಳಿ ಕಾಗೆ ಬಂದು ಕೂತಿತು. ಅದು ಎರಡಾಯಿತು. ಎರಡು ಕಾಗೆಗಳೂ ಸಮನಾಗಿ ಕಾಳು ಹೆಕ್ಕಿದವು. ಒಂದು ಕಾಳು ಉಳಿಯಿತು. ಹೆಕ್ಕಿದ್ದನ್ನೆಲ್ಲ ಮತ್ತೆ ಸುರಿದು ಮೂರಾದವು. ಎರಡು ಕಾಳು ಉಳಿದವು. ಐದಾದವು, ಏಳಾದವು, ನೂರಾದವು, ಸಾವಿರವಾದವು. ದಡವೆಲ್ಲ ಬೆಳ್ಳಗಾಯಿತು. ಪ್ರತಿ ಸಲವೂ ಜನ ಉಸಿರು ಹಿಡಿದು ನೆಲ ನೋಡುತ್ತಿದ್ದರು, ಪ್ರತಿ ಸಲವೂ ಮಣ್ಣಿನ ಮೇಲೆ ಒಂದು ಕಾಳಾದರೂ ಉಳಿದಿರುತ್ತಿತ್ತು.

"ಎಲ್ಲಿಯ ತನಕ ಹೀಗೆ?" ಎಂದು ರಾಣಿ ಬೀರಯ್ಯನನ್ನು ಕೇಳಿದಳು.

"ಎಂಟು ಸಾವಿರದ ಐನೂರ ತೊಂಬತ್ತೆಂಟರ ತನಕ, ತಾಯಿ. ಅದಕ್ಕಿಂತ ಹೆಚ್ಚು ಪಾಲು ಮಾಡಿದರೆ ಒಂದೊಂದು ಪಾಲೂ ಅದಕ್ಕಿಂತ ಸಣ್ಣದಾಗುತ್ತದೆ. ಆ ಸಣ್ಣದನ್ನು ಆಗಲೇ ನೋಡಿಯಾಗಿರುತ್ತದೆ. ಮತ್ತೆ ನೋಡಬೇಕಾಗಿಲ್ಲ."

ಮೂರನೆಯ ದಿನ ಬೆಳಿಗ್ಗೆ ಕಾಗೆಗಳ ಸಂಖ್ಯೆ ಎಂಟು ಸಾವಿರದ ಐನೂರ ತೊಂಬತ್ತೆಂಟು ಮುಟ್ಟಿತು. ಕಾಳು ಆಗಲೂ ಉಳಿಯಿತು. ಕಾಗೆಗಳೆಲ್ಲ ಒಮ್ಮೆಲೇ ಕರ್ರಗಾಗಿ, ಊರ ಕಾಗೆಗಳಂತೆ ಕೂಗುತ್ತ ದಿಕ್ಕಿಗೊಂದಾಗಿ ಹಾರಿಹೋದವು. ಸ್ವಲ್ಪ ಹೊತ್ತಿಗೆ ಕೆರೆಯ ಮೇಲೆ ಒಂದು ಸಾಲು ಜನ ನಡೆದು ಬಂದರು. ಕಲ್ಲಿನ ಧೂಳು ಕೊಡವಿಕೊಳ್ಳುತ್ತ, ಕಣ್ಣು ಉಜ್ಜಿಕೊಳ್ಳುತ್ತ ಬಂದರು. ದಡದಲ್ಲಿ ಅಳು, ನಗು, ಹೆಸರು ಹಿಡಿದು ಕೂಗುವ ಸದ್ದು. ಬಾಚಲೆ ಕಾಲ್ಬೆರಳ ಮೇಲೆ ನಿಂತು ಕೊನೆಯವನ ತನಕ ನೋಡಿದಳು. ಅವ್ವ ಇರಲಿಲ್ಲ. ಸೋವಿಯೂ ಇರಲಿಲ್ಲ.

ಸಮಪಾಲ ಕಲ್ಲಿನ ಹತ್ತಿರ ಹೋದ. ಅವನ ನಾಲಿಗೆ ಹೊರಗೆ ಬಂದು ಗಾಳಿಯನ್ನು ನೆಕ್ಕಿತು. ಅಂಜಿಕೆಯ ವಾಸನೆ ಅವನಿಗೆ ತಿಳಿಯುತ್ತಿತ್ತು.

"ಎಷ್ಟು ಅಳಿಸಲಿ?" ಎಂದು ತನ್ನಷ್ಟಕ್ಕೆ ಕೇಳಿಕೊಂಡ. "ಮೂರು ಅಂಕಿ? ಎರಡು? ಒಂದು?"

ಒಂದು ಎಂದಾಗ ಬಾಚಲೆಯ ಮುಖ ಬಿಳಿಚಿತು. ಸಮಪಾಲ ಅವಳ ಕಡೆ ತಿರುಗಿ ನೋಡಿದ. ಬೆರಳು ಚಾಚಿ ಕೊನೆಯ ಮೂರನ್ನು ಒರೆಸಿದ. ರಾಶಿ ಕುಸಿದು ಹತ್ತರಲ್ಲಿ ಒಂದಾಯಿತು.

೭೩೯೩೯೧೩

"ಎರಡನೆಯ ಪಂದ್ಯಕ್ಕೆ ಬರುತ್ತೀರೋ ಇಲ್ಲವೋ, ಹೊತ್ತು ಮುಳುಗುವುದರೊಳಗೆ ಹೇಳಿ" ಎಂದು ದಂಡೆಯ ಬಂಡೆಯ ಮೇಲೆ ಕೂತ.

ರಾಣಿ ಬೀರಯ್ಯನನ್ನು ಕೇಳಿದಳು, "ಇದು ಒಡೆಯುತ್ತದೆಯೇ?"

"ಇಲ್ಲ ತಾಯಿ. ಒಂದೊಂದೇ ಅಂಕಿ ಸೇರಿಸಿ ಬೆಳೆಸಿದ್ದು. ಯಾವ ಗೆಣ್ಣಿನಲ್ಲಿ ಕತ್ತರಿಸಿದರೂ ಗಟ್ಟಿ. ಈ ಏಳಂಕಿಯ ಗೆಣ್ಣನ್ನು ನನ್ನ ಮಗಳೇ ನೋಡಿದ್ದಾಳೆ. ಆಗ ನಾನು ಜ್ವರದಲ್ಲಿ ಮಲಗಿದ್ದೆ."

ಎಲ್ಲರೂ ಬಾಚಲೆಯ ಕಡೆ ನೋಡಿದರು. ಒಡೆಯದು ಎಂದುಬಿಟ್ಟರೆ ಪಂದ್ಯ ನಡೆಯುತ್ತದೆ, ಅವ್ವ ಬರಬಹುದು. ನಿಜ ಹೇಳಿದರೆ ರಾಣಿ ಇಲ್ಲಿಗೇ ನಿಲ್ಲಿಸಬಹುದು, ಅವ್ವ ಎಂದೆಂದಿಗೂ ಕಲ್ಲು. ಅವಳು ಅಪ್ಪನ ಕೈ ಬಿಟ್ಟು ಮುಂದೆ ಬಂದಳು.

"ನಾನು ಪೂರ್ತಿ ನೋಡಿಲ್ಲ."

ಬೀರಯ್ಯ ಕುರುಡು ಮುಖವನ್ನು ಅವಳ ಕಡೆ ತಿರುಗಿಸಿದ.

"ನನಗೆ ಆಗ ಹದಿನಾರು ವರ್ಷ" ಎಂದಳು. "ಮುನ್ನೂರ ತೊಂಬತ್ತೇಳು ಒಡೆಯದ ಸಂಖ್ಯೆಗಳಿಂದ ಭಾಗಿಸಿ ನೋಡಬೇಕಿತ್ತು. ಮುನ್ನೂರ ಅರವತ್ತೇಳು ಮಾಡಿದೆ. ಕೊನೆಯ ಮೂವತ್ತು ಉಳಿದಿತ್ತು. ಅಪ್ಪ ಒಂಬತ್ತು ದಿನದಿಂದ ಗಂಜಿಯನ್ನೂ ಕುಡಿದಿರಲಿಲ್ಲ. ಆಯಿತೇ, ಆಯಿತೇ ಎಂದು ಕನವರಿಸುತ್ತಿದ್ದ. ಆಯಿತು ಎಂದೆ. ಇಷ್ಟೊಂದು ಸೋತ ಮೇಲೆ ಮೂವತ್ತು ಏನು ಮಾಡೀತು ಎಂದುಕೊಂಡೆ. ಆಮೇಲೆ ಹೇಳಲು ಬಾಯಿ ಬರಲಿಲ್ಲ."

ಒಬ್ಬ ಮುದುಕ, "ನಿಲ್ಲಿಸಿಬಿಡಿ ತಾಯಿ, ಬಂದವರು ಬಂದರು" ಎಂದ. ಅವನ ಮೊಮ್ಮಗ ಆಗಲೇ ಬಂದು ಅವನ ಮಗ್ಗುಲಲ್ಲಿ ನಿಂತಿದ್ದ. ಇನ್ನೂ ಬಾರದವರ ಮನೆಯವರು ರಾಣಿಯ ಮುಖ ನೋಡಿದರು.

ರಾಣಿ ಸೂರ್ಯನ ಕಡೆ ನೋಡಿದಳು. "ಮೂವತ್ತಕ್ಕೆ ಎಷ್ಟು ಹೊತ್ತು ಬೇಕು?"

"ಸಂಜೆಯ ತನಕ" ಎಂದಳು ಬಾಚಲೆ. "ಆದರೂ ಹೊತ್ತು ಮುಳುಗುವುದರೊಳಗೆ ಮುಗಿದೀತು."

"ಹಾಗಾದರೆ ಕೂರು. ಈಗ ಸುಳ್ಳು ಹೇಳಿದರೆ ಇಡೀ ನಾಡು ಹೋಗುತ್ತದೆ, ಅದು ನಿನಗೆ ಗೊತ್ತು. ಅದಕ್ಕಿಂತ ಹೆಚ್ಚು ನಾನೇನೂ ಹೇಳುವುದಿಲ್ಲ."

ಬಾಚಲೆ ಮರಳಿನ ಮೇಲೆ ಕೂತಳು. ಬೀರಯ್ಯ ತಡವರಿಸುತ್ತ ಬಂದು ಪಕ್ಕದಲ್ಲಿ ಕೂತ. ಅವಳು ಅಪ್ಪನ ಬೈಗುಳಕ್ಕೆ ಕಾದಳು. ಅವನು ಬೈಯಲಿಲ್ಲ.

"ನೀನು ಬರೆದು ಮಾಡು, ನಾನು ಬಾಯಲ್ಲಿ ಮಾಡುತ್ತೇನೆ" ಎಂದ. "ಇಬ್ಬರ ಉತ್ತರವೂ ಒಂದೇ ಬಂದರೆ ಮಾತ್ರ ಮುಂದಿನದು. ಮೊದಲನೆಯದು ಯಾವುದು?"

"ಎರಡು ಸಾವಿರದ ಐನೂರ ಮೂರು."

ಇಬ್ಬರೂ ಭಾಗಿಸಿದರು. "ಐವತ್ತೊಂದು ಉಳಿಯಿತು" ಎಂದಳು. "ಐವತ್ತೊಂದು" ಎಂದ ಅವನು. ಒಂದು ಕಡ್ಡಿ ಮುರಿದು ಮರಳಿನಲ್ಲಿ ನೆಟ್ಟರು.

ಹೀಗೆ ಒಂದೊಂದೇ ಕಡ್ಡಿ. ಬಿಸಿಲು ನೆತ್ತಿಗೆ ಬಂತು. ಯಾರೋ ನೀರು ತಂದಿಟ್ಟರು, ಅವಳು ಕುಡಿಯಲಿಲ್ಲ. ಬಂಡೆಯ ಮೇಲಿನಿಂದ ಸಮಪಾಲ ಅವಳ ಬೆರಳನ್ನೇ ನೋಡುತ್ತಿದ್ದ. ಹನ್ನೊಂದು ಕಡ್ಡಿಗಳಾದವು. ಹನ್ನೆರಡನೆಯದು ಎರಡು ಸಾವಿರದ ಆರುನೂರ ಒಂಬತ್ತು. ಬಾಚಲೆ ಭಾಗಿಸಿದಳು. ಕೊನೆಯ ಸಾಲು ಬರೆದು ಕಳೆದಳು. ಆಮೇಲೆ ಅವಳ ಕೈ ಅಲ್ಲೇ ನಿಂತಿತು.

"ಎಷ್ಟು ಉಳಿಯಿತು?" ಎಂದ ಬೀರಯ್ಯ.

"ಏನೂ ಉಳಿಯಲಿಲ್ಲ ಅಪ್ಪ."

ಬಂಡೆಯ ಮೇಲೆ ಸಮಪಾಲ ಎದ್ದು ನಿಂತ.

ಬೀರಯ್ಯನ ಮುಖದಲ್ಲಿ ಏನೂ ಕದಲಲಿಲ್ಲ. ಅವನ ತುಟಿ ಮಾತ್ರ ಒಂದೇ ಸಮನೆ ಆಡುತ್ತಿತ್ತು. ಒಂದು ಸಲ ಮುಗಿಸಿ ಮತ್ತೊಂದು ಸಲ ಮೊದಲಿನಿಂದ ಆಡಿತು. "ನನಗೆ ಏಳು ಉಳಿಯಿತು" ಎಂದ. "ಬರೆದದ್ದನ್ನು ಮೇಲಿನಿಂದ ಓದು."

ಅವಳು ಓದಿದಳು. ಕೊನೆಯ ಸಾಲಿಗೆ ಬಂದಾಗ ಬೀರಯ್ಯ ತಡೆದ. "ಒಂಬತ್ತು ನಾಲ್ಕಲೆ?"

"ನಲವತ್ತ..." ಎಂದು ನಿಂತಳು. ಮರಳಿನ ಮೇಲೆ ನಲವತ್ತಮೂರು ಎಂದಿತ್ತು. "ಮೂವತ್ತಾರು" ಎಂದಳು. ಮಗ್ಗಿ ಕಲಿಯುವ ಮಕ್ಕಳೂ ಮಾಡದ ತಪ್ಪು. ಒರೆಸಿ ಸರಿಮಾಡಿದಳು. ಏಳು ಉಳಿಯಿತು. ಎಪ್ಪತ್ತಮೂರು ಲಕ್ಷದ ರಾಶಿಯಲ್ಲಿ ಏಳೇ ಕಾಳು.

"ಅಂಜಿದ ಕೈ ಅಂಜಿದ್ದನ್ನೇ ಬರೆಯುತ್ತದೆ" ಎಂದ ಬೀರಯ್ಯ. "ನೀರು ಕುಡಿ. ಮುಂದಿನದು ಹೇಳು."

ಅವಳು ನೀರು ಕುಡಿದಳು. ಹದಿಮೂರು, ಹದಿನಾಲ್ಕು. ನೆರಳು ಉದ್ದವಾಯಿತು. ಇಪ್ಪತ್ತು, ಇಪ್ಪತ್ತೈದು. ಸೂರ್ಯ ಜೊಂಡಿನ ತುದಿ ಮುಟ್ಟಿದಾಗ ಮೂವತ್ತನೆಯದು ಬಂತು: ಎರಡು ಸಾವಿರದ ಏಳುನೂರ ಹತ್ತೊಂಬತ್ತು.

"ಒಂಬೈನೂರ ಐವತ್ತೆರಡು ಉಳಿಯಿತು" ಎಂದಳು ಬಾಚಲೆ.

"ಒಂಬೈನೂರ ಐವತ್ತೆರಡು" ಎಂದ ಬೀರಯ್ಯ.

ಅವಳು ಎದ್ದು ರಾಣಿಯ ಮುಂದೆ ನಿಂತಳು. "ಒಡೆಯುವುದಿಲ್ಲ" ಎಂದಳು. ರಾಣಿ ಅವಳ ಕಣ್ಣನ್ನು ಒಂದು ಗಳಿಗೆ ನೋಡಿ, ಸಮಪಾಲನ ಕಡೆ ತಿರುಗಿ, "ಹಾವನ್ನು ಕರೆ" ಎಂದಳು.

ಮರುದಿನ ಸೂರ್ಯ ಹುಟ್ಟುತ್ತಲೇ ಕೆರೆಯಿಂದ ಹಾವು ಎದ್ದು ಬಂತು. ತಾಳೆಮರದಷ್ಟು ದಪ್ಪದ ಒಂದೇ ಮೈ. ಮೊದಲು ಎರಡು ಹೆಡೆ, ಆಮೇಲೆ ಮೂರು, ಐದು, ಏಳು. ಒಂದೊಂದು ಹೆಡೆಯೂ ಸಮನಾಗಿ ಕಾಳು ಬಾಚಿಕೊಂಡಿತು, ಸುರಿಯಿತು, ಮತ್ತೆ ಬಾಚಿತು. ಬಾಚಲೆಗೆ ಈಗ ಹೊಸ ಅಂಜಿಕೆ. ಕೊನೆಯ ಮೂವತ್ತು ಸರಿ, ಆದರೆ ಹದಿನಾರನೆಯ ವಯಸ್ಸಿನಲ್ಲಿ ಒಬ್ಬಳೇ ಮಾಡಿದ ಆ ಮುನ್ನೂರ ಅರವತ್ತೇಳು? ಅಲ್ಲಿ ಎಷ್ಟು ಕಡೆ ಒಂಬತ್ತು ನಾಲ್ಕಲೆ ತಪ್ಪಿರಬಹುದು? ಪ್ರತಿ ಹೊಸ ಹೆಡೆಗೂ ಅವಳ ಉಗುರು ಅಂಗೈಯಲ್ಲಿ ಇಳಿಯುತ್ತಿತ್ತು. ಸಾವಿರ ಹೆಡೆ, ಎರಡು ಸಾವಿರ ಹೆಡೆ. ಎರಡು ಸಾವಿರದ ಆರುನೂರ ಒಂಬತ್ತನೆಯ ಹೆಡೆ ಎದ್ದಾಗ ಮಣ್ಣಿನ ಮೇಲೆ ಏಳೇ ಕಾಳು ಉಳಿದವು. ಹಾವು ಆ ಏಳನ್ನು ಬಹಳ ಹೊತ್ತು ನೋಡಿತು. ಎರಡು ಸಾವಿರದ ಏಳುನೂರ ಹತ್ತೊಂಬತ್ತನೆಯ ಹೆಡೆಯ ಮುಂದೆ ಒಂಬೈನೂರ ಐವತ್ತೆರಡು ಕಾಳು ಉಳಿದಾಗ ಅದರ ಮೈ ಸೀಳಿ ಸಾವಿರಾರು ನೀರುಹಾವುಗಳಾಗಿ ಜೊಂಡಿನೊಳಗೆ ಸರಿದುಹೋಯಿತು.

ಎರಡನೆಯ ಸಾಲಿನವರು ಬಂದರು. ಅವರ ನಡುವೆ ಒಬ್ಬ ಹುಡುಗಿ, ಎಣ್ಣೆ ಹಚ್ಚಿ ಬಾಚಿದ ಜಡೆ ಇನ್ನೂ ಹಾಗೇ ಇತ್ತು. ಕಲ್ಲಾದವರಿಗೆ ವಯಸ್ಸಾಗುವುದಿಲ್ಲ. ಸೋವಿ ಹನ್ನೆರಡು ವರ್ಷದವಳಾಗಿಯೇ ಬಂದಳು.

ಅವಳು ಬೀರಯ್ಯನ ಎದೆಗೆ ಒರಗಿ, ಬಾಚಲೆಯನ್ನು ಮೇಲಿನಿಂದ ಕೆಳಗೆ ನೋಡಿ, "ನೀನು ಬಾಚಿಯೇ? ನನಗಿಂತ ಎತ್ತರ ಯಾಕೆ ಬೆಳೆದೆ?" ಎಂದು ಕೇಳಿದಳು. ಬಾಚಲೆಗೆ ಅಳು ಉಕ್ಕಿ ಬಂತು. ಅಕ್ಕನ ತಲೆಯನ್ನು ತಬ್ಬಿಕೊಂಡು ಆ ಸಾಲಿನ ಕೊನೆಯ ತನಕ ನೋಡಿದಳು. ಅವ್ವ ಇರಲಿಲ್ಲ.

ಸಮಪಾಲ ಹಲಗೆಕಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದ. ನಗು ಹೋಗಿತ್ತು. "ಮೂರನೆಯದು ನಾನು" ಎಂದ. "ಬರುತ್ತೀರಾ, ನಿಲ್ಲಿಸುತ್ತೀರಾ?"

ರಾಣಿಯ ಗಂಡನೂ ಇನ್ನೂ ಬಂದಿರಲಿಲ್ಲ. ಆದರೂ ಅವಳು ಬಾಚಲೆಯನ್ನೇ ಕೇಳಿದಳು. ಬಾಚಲೆ ಅಪ್ಪನನ್ನು ಕೇಳಿದಳು. "ಆರಂಕಿಯಿಂದ ಕೆಳಗಿನದನ್ನೆಲ್ಲ ಕಣ್ಣಿದ್ದಾಗ ನಾನೇ ನೋಡಿದ್ದು, ಮೂರು ಮೂರು ಸಲ" ಎಂದ ಬೀರಯ್ಯ. "ಎಲ್ಲಿ ಬೇಕಾದರೂ ಕತ್ತರಿಸಲಿ."

"ಆಗಲಿ" ಎಂದಳು ರಾಣಿ.

ಸಮಪಾಲ ಕಲ್ಲಿನ ಕಡೆ ತಿರುಗಿ, ನಾಲಿಗೆಯಿಂದ ಅಂಕಿಗಳನ್ನು ಸವರಿದ. ಅವನಿಗೆ ಕಾಗೆಯಂತೆ ಹೆಕ್ಕಬೇಕಾಗಿರಲಿಲ್ಲ, ಸವರಿದರೆ ಸಾಕು, ಸಂಖ್ಯೆಯ ಬಿರುಕು ತಿಳಿಯುತ್ತಿತ್ತು. ಮೂರನ್ನು ಒರೆಸಿದ. ೭೩೯೩೯೧. ಸವರಿದ. ಬಿರುಕಿಲ್ಲ. ಒಂದನ್ನು ಒರೆಸಿದ. ೭೩೯೩೯. ಬಿರುಕಿಲ್ಲ. ಒಂಬತ್ತನ್ನು ಒರೆಸಿದ. ೭೩೯೩. ರಾಶಿ ಒಂದು ಹಿಡಿಯಷ್ಟಾಯಿತು. ಸವರಿದ, ಕಲ್ಲಿಗೆ ಉಗುಳಿದ. ೭೩೯. ಜನ ಮೆಲ್ಲಗೆ ಉಸಿರಾಡತೊಡಗಿದರು. ೭೩. ಯಾರೋ ಒಬ್ಬ ಹೆಂಗಸು ನಕ್ಕೇಬಿಟ್ಟಳು.

ಆಗ ಬಾಚಲೆಗೆ ಹೊಳೆಯಿತು. ಎಷ್ಟು ಬೇಕಾದರೂ ಅಳಿಸಬಹುದು ಎಂದಿತ್ತು ಕರಾರು. ಒಂದಾದರೂ ಅಂಕಿ ಉಳಿಯಬೇಕು ಎಂದು ಯಾರೂ ಹೇಳಿರಲಿಲ್ಲ. ಸಮಪಾಲ ಮೂರನ್ನು ಒರೆಸಿದ. ಕಲ್ಲಿನ ಮೇಲೆ ಒಂದು ೭ ಉಳಿಯಿತು, ಮಣ್ಣಿನ ಮೇಲೆ ಏಳು ಕಾಳು. ಅದನ್ನು ಸವರಿ ನೋಡಿದ. ಆಮೇಲೆ ಅವನ ಎರಡೂ ಕೆನ್ನೆಗಳು ಸಮನಾಗಿ ಅರಳಿದವು. ಅಂಗೈ ಇಟ್ಟು ಏಳನ್ನೂ ಒರೆಸಿಬಿಟ್ಟ.

ಕಲ್ಲು ಖಾಲಿ. ನೆಲವೂ ಖಾಲಿ.

"ಸೊನ್ನೆ" ಎಂದ ಸಮಪಾಲ. "ಎರಡು ಪಾಲು ಮಾಡಿದರೂ ಏನೂ ಉಳಿಯುವುದಿಲ್ಲ. ನೂರು ಪಾಲು ಮಾಡಿದರೂ ಉಳಿಯುವುದಿಲ್ಲ. ಒಡೆಯಿತು. ರಾಜ್ಯ ನನ್ನದು."

ರಾಣಿ ಕೂತಲ್ಲೇ ಕುಸಿದಳು. ಬೀರಯ್ಯ, "ಏನಾಯಿತು, ಯಾರಾದರೂ ಹೇಳಿ" ಎಂದು ಗಾಳಿಯಲ್ಲಿ ಕೈಯಾಡಿಸುತ್ತಿದ್ದ. ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಸೋವಿ ಬಾಚಲೆಯ ಸೊಂಟ ತಬ್ಬಿ ನಿಂತಳು. ಬಾಚಲೆ ಮನಸ್ಸಿನಲ್ಲಿ ಸೊನ್ನೆಯನ್ನು ಭಾಗಿಸಿ ನೋಡಿದಳು. ಇಷ್ಟು ವರ್ಷ ಉಳಿಕೆಯನ್ನು ಮಾತ್ರ ನೋಡಿ ಅಭ್ಯಾಸ. ಈಗ ಮೊದಲ ಸಲ ಪಾಲನ್ನು ನೋಡಿದಳು.

"ನೀನು ಇನ್ನೂ ಪಾಲು ಕೂಗಿಲ್ಲ" ಎಂದಳು.

ಸಮಪಾಲ ತಿರುಗಿದ.

"ನೀನು ಕೂಗಿದ ಪಾಲು ನಿನ್ನದಾಗುತ್ತದೆ. ಕೂಗದೆ ಯಾವುದೂ ನಿನ್ನದಾಗುವುದಿಲ್ಲ. ನಮ್ಮ ಮನೆ ಬಾಗಿಲಲ್ಲೂ ಕೂಗಿದೆ, ಎಲ್ಲರ ಮನೆ ಬಾಗಿಲಲ್ಲೂ ಕೂಗಿದೆ. ಒಡೆದೆ ಎನ್ನುವೆಯಲ್ಲ, ಕೂಗು. ಎರಡು ಪಾಲು, ಪಾಲಿಗೆ ಎಷ್ಟು?"

ಕೂಗದಿದ್ದರೆ ಪಂದ್ಯ ಸೋತಂತೆ. ಕೂಗಿದರೆ ಆ ಮಾತು ನಿಜವಾಗಬೇಕು. ಸಮಪಾಲ ಎರಡು ಹೆಜ್ಜೆ ಹಿಂದೆ ಹೋದ. ಆದರೆ ಪಾಲು ಮಾಡಿದ ಮೇಲೆ ಕೂಗದೆ ಇರುವುದು ಅವನ ಮಾಯೆಗೇ ಸಾಧ್ಯವಿರಲಿಲ್ಲ. ನಾಲಿಗೆ ತಾನಾಗಿಯೇ ಹೊರಗೆ ಬಂತು.

"ಎರಡು ಪಾಲು" ಎಂದಿತು ನಾಲಿಗೆ. "ಪಾಲಿಗೆ ಸೊನ್ನೆ."

ಅವನ ಪಾಲು ಸೊನ್ನೆಯಾಯಿತು, ಅವನದೆನ್ನುವುದೆಲ್ಲ ಸೊನ್ನೆಯಾಗಬೇಕಾಯಿತು. ಆ ಕೂಗು ನೀರಿನ ಮೇಲೆ ಹಾದು ಕೋಟೆಯನ್ನು ಮುಟ್ಟಿತು. ಕೋಟೆ ಇದ್ದಲ್ಲಿ ಬರಿಯ ಬಯಲಾಯಿತು. ಅವನ ಮೇಲುಹೊದಿಕೆ ಇಲ್ಲವಾಯಿತು, ಎರಡೂ ಕೈ ಇಲ್ಲವಾದವು, ಎರಡೂ ಕಡೆ ಒಂದೇ ರೀತಿಯಿದ್ದ ಆ ಮುಖ ಎರಡೂ ಕಡೆಯಿಂದ ಸಮನಾಗಿ ಕರಗುತ್ತ ಬಂದು ನಡುವೆ ಒಂದು ಗೆರೆಯಾಯಿತು. ಆಮೇಲೆ ಆ ಗೆರೆಯೂ ಇರಲಿಲ್ಲ.

ದಡದ ಮೇಲೆ ಎಲ್ಲರೂ ನೀರನ್ನೇ ನೋಡುತ್ತ ನಿಂತರು. ಸುಮಾರು ಹೊತ್ತಾದ ಮೇಲೆ ದೂರದಲ್ಲಿ ಮೂರನೆಯ ಸಾಲು ಕಾಣಿಸಿತು. ಮಾಯೆ ಹೋಗಿದ್ದರಿಂದ ಈ ಸಲ ನೀರು ಅವರನ್ನು ಹೊರಲಿಲ್ಲ. ಕೆರೆಯ ಅಂಚು ಹಿಡಿದು, ಕೆಸರು ತುಳಿಯುತ್ತ, ಜೊಂಡನ್ನು ಕೈಯಿಂದ ಸರಿಸುತ್ತ, ಮೊಣಕಾಲ ತನಕ ಮಣ್ಣಾಗಿ ಬಂದರು. ರಾಣಿ ಚಾಗಲದೇವಿ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದು ಗಂಡನ ಕಡೆ ಓಡಿದಳು. ಮಂತ್ರಿ ಬೇಡವೆನ್ನಲು ಹೋಗಿ ಚಪ್ಪಲಿಯನ್ನು ಎತ್ತಿಕೊಂಡ.

ಜಕ್ಕವ್ವ ಸಾಲಿನ ಕೊನೆಯಲ್ಲಿದ್ದಳು. ನಡೆಯಲಾಗದ ಒಬ್ಬ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಬರುತ್ತಿದ್ದಳು. ಮುದುಕಿಯನ್ನು ಇಳಿಸಿ, ಬೆನ್ನು ನೆಟ್ಟಗೆ ಮಾಡಿ, ತನ್ನವರನ್ನು ಹುಡುಕಿದಳು. ಸೋವಿ ಸಿಕ್ಕಳು. ನರೆತ ಗಡ್ಡದ ಒಬ್ಬ ಕುರುಡ ಕೈ ಚಾಚಿ ನಿಂತಿದ್ದ, ಅವನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ಪಕ್ಕದಲ್ಲಿ ಇಪ್ಪತ್ತು ವರ್ಷದ ಒಬ್ಬಳು ಹೆಣ್ಣು, ಅಂಗೈ ತುಂಬ ಉಗುರಿನ ಗಾಯ.

"ಬಾಚೀ" ಎಂದಳು ಜಕ್ಕವ್ವ.

"ಬಾ ಅವ್ವ" ಎಂದಳು ಬಾಚಲೆ.

ಆ ದಿನ ಅರಮನೆಯ ಅಡಿಗೆಯವರು ದಡದಲ್ಲೇ ಒಲೆ ಹೂಡಿದರು. ಜಕ್ಕವ್ವ ಹನ್ನೊಂದು ವರ್ಷದ ಹಸಿವಿನಲ್ಲಿ ಉಂಡಳು. ಉಣ್ಣುತ್ತ ಉಣ್ಣುತ್ತ, ಗಂಡ ಯಾಕೆ ಇಷ್ಟು ಬಡವಾಗಿದ್ದಾನೆ ಎಂದು ಬಾಚಲೆಯನ್ನು ಗದರಿಸಿದಳು. ಬೀರಯ್ಯ ಆ ಗದರಿಕೆಯನ್ನು ಕೇಳುತ್ತ ಕೂತಿದ್ದ, ಮುಖದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಮಕ್ಕಳು ಆಗಲೇ ಕರಿಕಲ್ಲಿನ ಹಲಗೆಯ ಮೇಲೆ ಹತ್ತಿ ಜಾರುವ ಆಟ ಆಡುತ್ತಿದ್ದರು.

ರಾಣಿ ಬಾಚಲೆಯನ್ನು ಅರಮನೆಯಲ್ಲೇ ಇರು ಎಂದಳು. ಬಾಚಲೆ ಒಲ್ಲೆ ಎಂದು ಅಪ್ಪ ಅವ್ವ ಅಕ್ಕನ ಜೊತೆ ಮನೆಗೆ ಹೋದಳು. ಮುಂದೆ ಅವಳು ಒಬ್ಬ ಮೀನುಗಾರನನ್ನು ಮದುವೆಯಾದಳು. ಅವನಿಗೆ ಹತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ, ಅವಳಿಗೆ ಅದೇ ಹಿಡಿಸಿತ್ತು. ಸೋವಿ ನಿಧಾನವಾಗಿ ಬೆಳೆದು ತಂಗಿಗಿಂತ ಎತ್ತರವಾದಳು. ಹಿರಿಗೆರೆಯ ಜನ ತುಂಬಿದ ಮನೆಗಳಲ್ಲಿ ಕಾಲು ಚಾಚಿ ಮಲಗಿ ಬಹಳ ಕಾಲ ಸುಖವಾಗಿ ಬಾಳಿದರು. ಕತೆ ಕೇಳಿದವರ ಮನೆಯೂ ಹಾಗೆಯೇ ತುಂಬಿರಲಿ.